ಸೋಮವಾರದ ಸೋಮಾರಿ

ಯಾರೋ ನಿಮ್ಮನ್ನು ಬೈದು ಬರೆದ ಪತ್ರಕ್ಕೆ ಉತ್ತರ ಬರೆಯುವುದು ಅಂಥ ಕಷ್ಟವೇನಲ್ಲ. ನೀವೇ ಬೈದು ಬರೆದ ಪತ್ರಕ್ಕೆ ನೀವೇ ಉತ್ತರ ಬರೆಯಬೇಕಾಗಿ ಬಂದರೆ?

ಹೋದ ತಿಂಗಳು ನನಗೆ ಬಂದ ಪಾಡು ಇದು.

ಬೆಳಿಗ್ಗೆ ಒಂಬತ್ತರ ಹೊತ್ತು. ಬಿಸಿಲಿಗೆ ಹುಣಸೆಹಣ್ಣು ಹರವುತ್ತಿದ್ದೆ. ಗೇಟಿನ ಹತ್ತಿರ ಹಳೆಯ ಟಿವಿಎಸ್ ಗಾಡಿ ನಿಂತ ಸದ್ದಾಯಿತು. ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜ್ ನೋಡಿಕೊಳ್ಳುವ ಗುರುಮಲ್ಲಪ್ಪನವರು. ಹೆಡತಲೆ ಅನ್ನುವ ಊರಿನ ಕಡೆಯವರು. ಮೂವತ್ತು ವರ್ಷಕ್ಕೂ ಮೇಲೆ ಅದೇ ಗಾಡಿ, ಅದೇ ಕಟ್ಟಡ, ಅದೇ ಕೆಲಸ. ಇನ್ನು ಏಳು ತಿಂಗಳಿಗೆ ರಿಟೈರ್ ಆಗುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಕವರಿನೊಳಗೆ ಒಂದು ಕಾಗದ.

"ಮೇಡಮ್ಮೋರೆ, ನೀವು ಪೇಪರ್ಗೆ ಬರೆಯೋರು. ಇದ್ಕೊಂದು ಉತ್ರ ಬರ್ಕೊಡಿ. ಮೇಲಿಂದ ಮೆಮೊ ಬಂದದೆ. ನನ್ ಸರ್ವೀಸ್ನಲ್ಲೇ ಮೊದಲ್ನೇದು."

ಕನ್ನಡಕ ಹಾಕಿಕೊಂಡು ಓದಿದೆ. ಪ್ರತಿ ತಿಂಗಳ ಮೊದಲ ಸೋಮವಾರ ಹಗಲು ಹನ್ನೊಂದರಿಂದ ಒಂದು ಗಂಟೆಯವರೆಗೆ ಎಕ್ಸ್‌ಚೇಂಜ್ ಆಫ್ ಮಾಡುತ್ತಿರುವುದೇಕೆ? ಏಳು ದಿನದೊಳಗೆ ವಿವರಣೆ ಕೊಡಿ. ಇನ್ನು ಮುಂದೆ ಯಂತ್ರಗಳ ನಿರ್ವಹಣೆ ಏನಿದ್ದರೂ ರಾತ್ರಿ ಎರಡರಿಂದ ನಾಲ್ಕರೊಳಗೆ ಮಾತ್ರ. ಕೆಳಗೆ, ಗ್ರಾಹಕರ ದೂರಿನ ಒಂದು ಸಾಲನ್ನು ಹಾಗೇ ಎತ್ತಿ ಹಾಕಿದ್ದರು: "ಇದು ನಿರ್ವಹಣೆಯಲ್ಲ ಸ್ವಾಮಿ, ಸೋಮವಾರದ ಸೋಮಾರಿತನ!"

ಆ ಸಾಲು ನನ್ನದು. ಆ ಆಶ್ಚರ್ಯಸೂಚಕ ಚಿಹ್ನೆಯೂ ನನ್ನದೇ.

ವಿಷಯ ಇಷ್ಟು. ಕಾಲೇಜಿನ ಪಾಠ ಮುಗಿಸಿ ಮನೆಯಲ್ಲಿ ಕೂತಮೇಲೆ ನನಗೆ ಉಳಿದಿರುವ ಡ್ಯೂಟಿ ಈಚೆಗೆ ಶುರುವಾದ ಈ ಅಂಕಣ ಒಂದೇ. ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಸಂಪಾದಕರಿಗೆ ಮೇಲ್ ಹೋಗಬೇಕು. (ಭಾನುವಾರವೇ ಬರೆದು ಕಳಿಸಬಹುದಲ್ಲ ಅಂತ ಕೇಳಬೇಡಿ. ನೀವು ಕರೆಂಟ್ ಬಿಲ್ ಕೊನೇ ದಿನವೇ ತಾನೆ ಕಟ್ಟುವುದು?) ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಎರಡೂ ಕಡೆಯ ಟವರಿಗೂ ದೂರ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರಬೇಕಾದರೆ ಹಿತ್ತಲಿನ ನೀರಿನ ತೊಟ್ಟಿ ಹತ್ತಿ ನಿಲ್ಲಬೇಕು. ಹಾಗಾಗಿ ಲ್ಯಾಂಡ್‌ಲೈನ್, ಅದರ ಜೊತೆಗೆ ಬರುವ ಇಂಟರ್‌ನೆಟ್ಟೇ ಗತಿ.

ಆ ನೆಟ್ ಮೂರು ತಿಂಗಳು ಒಂದೇ ಸಮ ಮೊದಲ ಸೋಮವಾರ ಹನ್ನೊಂದಕ್ಕೇ ಕೈಕೊಟ್ಟಿತು. ಮೂರನೇ ಸಲ ಸಂಪಾದಕರು ಫೋನ್ ಮಾಡಿ (ಅಂದರೆ ಮಾಡಲು ಪ್ರಯತ್ನಿಸಿ, ಆಗದೆ, ಒಂದೂವರೆಗೆ ಮಾಡಿ), "ಮೇಡಂ, ಈ ವಾರ ನಿಮ್ಮ ಜಾಗಕ್ಕೆ ಪದಬಂಧ ಹಾಕಿದ್ದೇವೆ" ಅಂದರು. ಪದಬಂಧ! ನನಗೆ ಪಿತ್ತ ನೆತ್ತಿಗೇರಿತು. ಕೂತು ಒಂದು ಆನ್‌ಲೈನ್ ಕಂಪ್ಲೇಂಟ್ ಜಡಿದೆ. ಬರೆಯುತ್ತಾ ಬರೆಯುತ್ತಾ ಆ ಸೋಮವಾರ–ಸೋಮಾರಿ ಹೊಳೆಯಿತು ನೋಡಿ, ಖುಷಿಯೋ ಖುಷಿ. ಕೆಲವು ಸಲ ಸಿಟ್ಟಿಗಿಂತ ಪದದ ಚಪಲವೇ ಜಾಸ್ತಿ ಹಾಳು ಮಾಡುತ್ತದೆ. ನಮ್ಮ ಯಜಮಾನರಿಗೆ ಓದಿ ತೋರಿಸಿದೆ. ಅವರು ಚಹಾ ಕುಡಿಯುತ್ತಾ, "ಯಾಕೆ ಆಫ್ ಮಾಡ್ತಾರೆ ಅಂತ ಒಂದು ಮಾತು ಕೇಳಿದ್ಯಾ?" ಅಂದರು. ಕೇಳಿರಲಿಲ್ಲ. ಕಳಿಸಿಬಿಟ್ಟೆ.

ಈಗ ಆ ಮನುಷ್ಯ ನನ್ನ ಜಗಲಿಯ ಮೇಲೆ ಕೂತಿದ್ದಾರೆ. ಉತ್ತರ ಬರೆದುಕೊಡಿ ಅನ್ನುತ್ತಿದ್ದಾರೆ.

ನಾನೇ ಬರೆದದ್ದು ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೆದರಿಕೆ. ಕಾಫಿ ತರುತ್ತೇನೆ ಅಂತ ಒಳಗೆ ಹೋದೆ. (ನಮ್ಮ ಕಡೆ ಎಷ್ಟು ತಪ್ಪುಗಳನ್ನು ಕಾಫಿಯ ಹಿಂದೆ ಅಡಗಿಸುತ್ತೇವೆ, ಲೆಕ್ಕ ಇಟ್ಟವರಿಲ್ಲ.) ಲೋಟ ಕೊಟ್ಟು, ಏನೂ ಗೊತ್ತಿಲ್ಲದವಳಂತೆ ಕೇಳಿದೆ. "ಅಲ್ಲ ಗುರುಮಲ್ಲಪ್ಪನೋರೆ, ಸೋಮವಾರವೇ ಯಾಕೆ ಆಫ್ ಮಾಡೋದು?"

"ನಮ್ಮಪ್ಪ ಆರಂಬಗಾರ ಕಣಮ್ಮ. ಸ್ವಾಮಾರ ಎತ್ತಿನ್ ಎಗಲ್ ಮ್ಯಾಲೆ ನೊಗ ಮಡಗ್ತಿರ್ಲಿಲ್ಲ. ಬಸವಣ್ಣನ್ ದಿನ ಅಂತ. ಸುಮ್ನೆ ಕಟ್ಟಾಕಿ ಮಲ್ಗಾಕಲ್ಲ. ಅವತ್ತು ಮೈ ತೊಳ್ಸೋದು, ಗೊರಸು ನೋಡೋದು, ಕುತ್ಗೆ ಸವರಿ ಗಾಯ ಆಗಿದ್ದದಾ ಅಂತ ನೋಡೋದು. ಎತ್ತು ಕುಂಟೋವರ್ಗೂ ಕಾಯ್ತಿರ್ಲಿಲ್ಲ. ನಾನು ಅದ್ನೇ ಮಾಡ್ದೆ. ಎತ್ತಿಗೆ ವಾರಕ್ಕೊಂದು, ಎಕ್ಸ್‌ಚೇಂಜ್ಗೆ ತಿಂಗ್ಳಿಗೊಂದು."

ಸ್ವಾಮಾರ! ನಮ್ಮ ಸೀಮೆಯಲ್ಲಿ ಅದು ಸೋಮವಾರವೇ ಅಲ್ಲ, ಸ್ವಾಮಾರ. ನನ್ನ ಜಾಣತನದ ಪದ ಅಲ್ಲೇ ಮುಗ್ಗರಿಸಿತು. ಅವರು ಹೇಳುವ ಸ್ವಾಮಾರಕ್ಕೆ ಸೋಮಾರಿ ಎಲ್ಲಿಂದ ಅಂಟಬೇಕು?

"ಉತ್ರ ಬರೆಯಾಕ್ ಮುಂಚೆ ಒಂದ್ಸಲ ಬಂದು ನೋಡಿ" ಅಂತ ಹೇಳಿ ಹೋದರು. ಮಾರನೆಯ ದಿನ ಹೋದೆ.

ಇಷ್ಟು ವರ್ಷ ಆ ಕಟ್ಟಡದ ಮುಂದೆ ಬಸ್ಸಿಗೆ ಕಾದಿದ್ದೇನೆ, ಒಳಗೆ ಕಾಲಿಟ್ಟವಳಲ್ಲ. ಚಪ್ಪಲಿ ಹೊರಗೆ ಬಿಡಿಸಿದರು. ದೇವಸ್ಥಾನ ಅಂತಲ್ಲ, ಧೂಳು ಒಳಗೆ ಬರಬಾರದು ಅಂತ. ಒಂದು ಕೋಣೆಯಲ್ಲಿ ಆಳೆತ್ತರದ ಬೀರುಗಳು, ಅದರೊಳಗೆ ಪುಸ್ತಕ ಜೋಡಿಸಿದ ಹಾಗೆ ಕಾರ್ಡುಗಳು. ಮಿಣಿಮಿಣಿ ಹಸಿರು ದೀಪ. ಇನ್ನೊಂದು ಕೋಣೆಯಲ್ಲಿ ಸಾಲಾಗಿ ಬ್ಯಾಟರಿಗಳು, ಒಂದೊಂದಕ್ಕೂ ಬಿಳಿ ಪೇಂಟಿನಲ್ಲಿ ನಂಬರು. ಕರೆಂಟು ಹೋದರೆ ಊರಿನ ಫೋನುಗಳನ್ನೆಲ್ಲ ಹೊರುವುದು ಇವೇ.

"ಇದ್ರಲ್ಲಿ ಒಂದು ಸೊರಗಿದ್ರೆ ಸಾಕು, ಮಿಕ್ಕವೂ ಹೊರಾಕಾಗ್ದೆ ಕೂತ್ಕತವೆ. ಕರೆಂಟಿದ್ದಾಗ ಎಲ್ಲಾ ಗಟ್ಟಿಯಾಗೇ ಕಾಣ್ತವೆ. ಕರೆಂಟು ನಾನಾಗೇ ತೆಗ್ದು, ಭಾರ ಹಾಕಿ, ಒಂದೊಂದನ್ನೂ ಮೀಟರ್ ಇಟ್ಟು ನೋಡಿದ್ರೇನೆ ಬಣ್ಣ ಬಯಲಾಗೋದು" ಅಂದರು.

ಮನುಷ್ಯರ ವಿಷಯವನ್ನೂ ಸೇರಿಸಿ ಹೇಳಿದರೋ ಏನೋ, ನಾನು ಬ್ಯಾಟರಿಗಳನ್ನೇ ನೋಡುತ್ತಾ ನಿಂತೆ.

ಆ ಎರಡು ಗಂಟೆಯಲ್ಲಿ ಅವರು ಮಾಡುವ ಕೆಲಸ ಕೇಳಿದರೆ ನಿಮಗೆ ಅಡುಗೆಮನೆಯ ಕೆಲಸ ನೆನಪಾಗುತ್ತದೆ. ಕಾರ್ಡುಗಳನ್ನು ಒಂದೊಂದಾಗಿ ಎಳೆದು, ಬ್ರಷ್ಷಿನಲ್ಲಿ ಧೂಳು ತೆಗೆದು, ಮತ್ತೆ ಬಿಗಿಯಾಗಿ ಕೂರಿಸುವುದು. ಸಡಿಲಾದ ತಿರುಪು ಬಿಗಿ ಮಾಡುವುದು. ಎ.ಸಿ. ಜಾಲರಿ ತೊಳೆದು ಒಣಗಿಸುವುದು. ಬೆಚ್ಚಗಿದೆ ಅಂತ ಬಂದು ಸಂಸಾರ ಹೂಡಿದ ಹಲ್ಲಿಗಳನ್ನು ಎಬ್ಬಿಸಿ ಕಳಿಸುವುದು. ಆಮೇಲೆ ಕಟ್ಟಡದ ಹಿಂದಿನ ಅರ್ಥಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು. ನೆಲ ಒಣಗಿದರೆ ಸಿಡಿಲು ಹೊಡೆದಾಗ ಅದು ನೆಲಕ್ಕೆ ಇಳಿಯುವುದಿಲ್ಲ, ಯಂತ್ರಕ್ಕೇ ನುಗ್ಗುತ್ತದಂತೆ. ಗುಂಡಿಯ ಪಕ್ಕ ಒಂದು ದಾಸವಾಳ ಚೆನ್ನಾಗಿ ಬಂದಿದೆ. ಇಲಾಖೆಯ ನೀರು, ದಾಸವಾಳದ ಅದೃಷ್ಟ.

"ಸರಿ, ಇಷ್ಟೆಲ್ಲ ಮಾಡಬೇಕು, ಒಪ್ಪಿದೆ. ರಾತ್ರಿ ಮಾಡಿ ಅಂತ ತಾನೆ ಮೆಮೊದಲ್ಲಿ ಹೇಳಿರೋದು? ರಾತ್ರಿ ಯಾರು ಫೋನ್ ಮಾಡ್ತಾರೆ? ನಿಮಗೆ ನಿದ್ದೆಗೆಡೋದು ಕಷ್ಟ ಅಂತಲಾ?"

ಅವರು ಬೀರುವಿನ ಮೇಲಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ದಿನದ ಯಾವ ಗಂಟೆಯಲ್ಲಿ ಎಷ್ಟು ಕರೆ ಹೋಗುತ್ತದೆ ಅನ್ನುವುದನ್ನು ವರ್ಷಗಟ್ಟಲೆ ಬರೆದಿಟ್ಟ ಪುಸ್ತಕ. ಸೋಮವಾರ ಹನ್ನೊಂದು ಅನ್ನುವುದು ಬರೀ ಬಸವಣ್ಣನ ಲೆಕ್ಕವಲ್ಲ. ಊರಿನ ಅರ್ಧ ಜನ ನಂಜನಗೂಡಿನ ದೇವರ ದರ್ಶನಕ್ಕೆ ಹೋಗಿರುತ್ತಾರೆ. ಪಂಚಾಯ್ತಿಯವರು ತಾಲ್ಲೂಕು ಮೀಟಿಂಗಿಗೆ ಹೋಗಿರುತ್ತಾರೆ. ಅಂಗಡಿಯವರು ಸರಕು ತರಲು ತಿ. ನರಸೀಪುರಕ್ಕೆ. ಹಗಲು ಹೊತ್ತಿನಲ್ಲಿ ಅದಕ್ಕಿಂತ ಖಾಲಿ ಹೊತ್ತು ನಮ್ಮೂರಿನಲ್ಲಿ ಇಲ್ಲ.

"ಮೆಮೊ ಕಳ್ಸಿದೋರು ಯೋಳೋದು ಸುಳ್ಳಲ್ಲ ಕಣಮ್ಮ. ರಾತ್ರಿ ಎರಡ್ರಿಂದ ನಾಕು, ಇನ್ನೂ ಕಮ್ಮಿ. ಕೆಲವು ರಾತ್ರಿ ಒಂದು, ಕೆಲವು ರಾತ್ರಿ ಅದೂ ಇಲ್ಲ. ಆದ್ರೆ..." ಅಂತ ಪುಸ್ತಕ ಮುಚ್ಚಿದರು. "ಅಗಲೊತ್ತು ಬರೋ ನೂರು ಫೋನಲ್ಲಿ ತೊಂಬತ್ತು ಊಟ ಆಯ್ತಾ ಅಂತ ಕೇಳಾಕೆ. ರಾತ್ರಿ ಮೂರ್ಗಂಟೆಗೆ ಬರೋದು ಒಂದೇ ಫೋನು. ಅದು ಊಟ ಆಯ್ತಾ ಅಂತ ಕೇಳಾಕ್ ಬರಲ್ಲ."

ಪುಸ್ತಕವನ್ನು ಕೈಯಲ್ಲೇ ಹಿಡಿದು ಮುಂದುವರಿಸಿದರು.

"ಅಗಲೊತ್ತು ಲೈನ್ ತೆಗುದ್ರೆ ಜನಕ್ಕೆ ಗೊತ್ತಾಯ್ತದೆ. ನಾನೇ ಮುಂಚೆ ದಿನ ಆಸ್ಪತ್ರೆ, ಬ್ಯಾಂಕು, ಡೇರಿ ಎಲ್ಲಾ ಕಡೆ ಓಗಿ ಯೋಳ್ಬುಟ್ಟು ಬತ್ತೀನಿ. ಲೈನ್ ಇಲ್ದಿದ್ರೆ ಯಾರಾದ್ರೂ ಓಡ್ಬಂದು ಸುದ್ದಿ ಮುಟ್ಟಿಸ್ತಾರೆ. ರಾತ್ರಿ ತೆಗುದ್ರೆ? ಮಲ್ಗಿರೋರ್ಗೆ ಲೈನ್ ಓಗಿರೋದೂ ಗೊತ್ತಾಗಕಿಲ್ಲ, ಫೋನ್ ಬಂದಿದ್ದೂ ಗೊತ್ತಾಗಕಿಲ್ಲ. ಬೆಳಿಗ್ಗೆ ನನ್ನ್ ಯಾರೂ ಕೇಳಲ್ಲ. ಕಂಪ್ಲೇಂಟೂ ಬರಲ್ಲ. ಅದ್ಕೇ ಅದು ಬ್ಯಾಡ."

ಕಂಪ್ಲೇಂಟೂ ಬರಲ್ಲ, ಅದಕ್ಕೇ ಬೇಡ. ಈ ಮಾತನ್ನು ಇನ್ನೊಂದು ಸಲ ಓದಿ. ಕಂಪ್ಲೇಂಟ್ ಬಾರದ ಹೊತ್ತು ನೋಡಿಕೊಂಡು ಕೆಲಸ ಮಾಡುವವರೇ ಎಲ್ಲಾ ಕಡೆ ಇರುವಾಗ, ಕಂಪ್ಲೇಂಟ್ ಬಂದರೆ ಬರಲಿ, ನಷ್ಟ ಆಗಬಾರದು ಅಂತ ಹೊತ್ತು ಆರಿಸಿಕೊಂಡ ಒಬ್ಬರು ನಮ್ಮೂರಲ್ಲಿದ್ದರು. ಅವರಿಗೆ ನಾನು ಸೋಮಾರಿ ಅಂತ ಹೆಸರಿಟ್ಟಿದ್ದೆ.

ನನಗೆ ಆರು ವರ್ಷ ಹಿಂದಿನ ಒಂದು ಫೋನ್ ನೆನಪಾಯಿತು. ರಾತ್ರಿ ಮೂರೂವರೆ ಹೊತ್ತಿಗೆ ಹಜಾರದಲ್ಲಿ ಲ್ಯಾಂಡ್‌ಲೈನ್ ಹೊಡೆದುಕೊಂಡಿತ್ತು. ಮೈಸೂರಿನ ಆಸ್ಪತ್ರೆಯಿಂದ ನನ್ನ ತಮ್ಮನ ಹೆಂಡತಿ. ಅವನಿಗೆ ಆಪರೇಷನ್ ನಡೀತಾ ಇದೆ, ರಕ್ತ ಸಾಲುತ್ತಿಲ್ಲ, ಸಿಗದ ಗುಂಪು. ಆ ಗುಂಪು ನಮ್ಮ ಯಜಮಾನರದು. ಅವರು ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಸ್ಕೂಟರ್ ಹೊರಡಿಸಿದರು. ತಮ್ಮ ಈಗ ಚೆನ್ನಾಗಿದ್ದಾನೆ. ಹೋದ ವಾರ ಬಂದು ನನ್ನ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಅಂತ ಹೇಳಿ ಹೋದ. ಆವತ್ತು ಆ ಫೋನ್ ನಮ್ಮನ್ನು ಮುಟ್ಟಿತು. ಮುಟ್ಟಿದ್ದೇಕೆ ಅಂತ ಈ ಆರು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ಮುಟ್ಟದಿದ್ದರೆ ತಾನೆ ನಾವು ಯೋಚಿಸುವುದು?

ಇನ್ನು ತಡೆಯಲಾಗಲಿಲ್ಲ.

"ಗುರುಮಲ್ಲಪ್ಪನೋರೆ, ಆ ಕಂಪ್ಲೇಂಟ್ ಬರೆದಿದ್ದು ನಾನೇ."

ಅವರು ನೋಟ್‌ಬುಕ್ಕನ್ನು ಬೀರುವಿನ ಮೇಲೆ ಇಟ್ಟರು. ಅದು ಗೋಡೆಗೆ ಸರಿಯಾಗಿ ಒತ್ತಿ ಕೂರುವಂತೆ ತಳ್ಳಿದರು.

"ಗೊತ್ತು ಕಣಮ್ಮ."

"ಗೊತ್ತಾ?"

"ಕಂಪ್ಲೇಂಟ್ ಜೊತೆ ಲೈನ್ ನಂಬರ್ ಇರ್ತದೆ. ಇಲ್ಲಿರೋದು ಇನ್ನೂರು ಚಿಲ್ರೆ ನಂಬರು. ನಿದ್ದೇಲಿ ಕೇಳಿದ್ರೂ ಯಾರ್ದು ಅಂತ ಯೋಳ್ತೀನಿ."

"ಮತ್ತೆ ಉತ್ತರ ಬರೆದುಕೊಡಿ ಅಂತ ನನ್ನ ಹತ್ತಿರವೇ ಯಾಕೆ ಬಂದ್ರಿ?"

"ಬರ್ದಿದ್ದು ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ಬೈಯಾಕ್ ಬರೋರ್ಗೆ ಉತ್ರನೂ ಚೆನ್ನಾಗ್ ಬರೆಯಾಕ್ ಬತ್ತದೆ ಅಂತ."

ಬೈದಿದ್ದರೆ ವಾಸಿಯಿತ್ತು. ನನಗೆ ನಾಚಿಕೆಯಾಯಿತು. ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಒಂದೇ ಒಂದು ಸಣ್ಣ ವಾದ ಉಳಿದಿತ್ತು, ಅದನ್ನೂ ಎಸೆದು ನೋಡಿದೆ. "ಆಸ್ಪತ್ರೆ, ಬ್ಯಾಂಕಿಗೆಲ್ಲ ಹೇಳಿದ ಹಾಗೆ ನಮಗೂ ಒಂದು ಮಾತು ಹೇಳಬಹುದಿತ್ತಲ್ಲ?"

"ಪ್ರತಿ ಸಲ ನಿಮ್ ಗೇಟಿಗೆ ಚೀಟಿ ಸಿಗಿಸಿದ್ನಲ್ಲಮ್ಮ."

ಮನೆಗೆ ಬಂದು ಹುಡುಕಿದೆ. ಸಿಕ್ಕಿತು. ಒಂದು ದಪ್ಪ ಪುಸ್ತಕದ ನಡುವೆ, ಪುಟದ ಗುರುತಿಗೆ ನಾನೇ ಇಟ್ಟಿದ್ದೆ. ನೀಲಿ ಇಂಕಿನಲ್ಲಿ ದುಂಡು ಅಕ್ಷರ: ಸೋಮವಾರ ಹನ್ನೊಂದರಿಂದ ಒಂದರವರೆಗೆ ಲೈನ್ ಇರುವುದಿಲ್ಲ, ದಯವಿಟ್ಟು ಸಹಕರಿಸಿ. ಪುಸ್ತಕ ಅರ್ಧಕ್ಕೇ ನಿಂತಿದೆ. ಚೀಟಿ ಮಾತ್ರ ತನ್ನ ಕೆಲಸ ಮಾಡುತ್ತಾ ಕೂತಿತ್ತು.

ಕಂಪ್ಲೇಂಟ್ ವಾಪಸ್ ಪಡೆಯೋಣ ಅಂತ ಕಂಪ್ಯೂಟರ್ ಮುಂದೆ ಕೂತೆ. ಅಲ್ಲಿ ಎರಡೇ ಗುಂಡಿ. "ಪರಿಹಾರ ತೃಪ್ತಿ ತಂದಿದೆ", "ತೃಪ್ತಿ ತಂದಿಲ್ಲ". "ನನ್ನದೇ ತಪ್ಪು" ಅನ್ನುವ ಗುಂಡಿ ಇಲ್ಲ. ಇರಬೇಕು ಅಂತ ಯಾರಿಗೂ ಹೊಳೆದಿಲ್ಲ, ಪಾಪ, ಒತ್ತುವವರು ಇದ್ದರೆ ತಾನೆ?

ಹಾಗಾಗಿ ಕಾಗದದಲ್ಲೇ ಬರೆದೆ. ಗುರುಮಲ್ಲಪ್ಪನವರ ವಿವರಣೆ ಒಂದು, ನನ್ನ ತಪ್ಪೊಪ್ಪಿಗೆ ಒಂದು. ಮೂರನೆಯದು ಊರಿನ ಲ್ಯಾಂಡ್‌ಲೈನ್ ಗ್ರಾಹಕರ ಅರ್ಜಿ: ತಿಂಗಳ ಮೊದಲ ಸೋಮವಾರ ಹಗಲು ಎರಡು ಗಂಟೆ ನಮ್ಮ ಫೋನ್ ಕಟ್ ಮಾಡಿ, ರಾತ್ರಿ ಮುಟ್ಟಬೇಡಿ. ಸಹಿಗೆ ಮನೆ ಮನೆ ಹೋದೆ. "ಕಟ್ ಮಾಡ್ಬೇಡಿ ಅಂತ ತಾನೆ ಮೇಡಂ?" ಅಂತ ಕೇಳಿದವರೇ ಎಲ್ಲರೂ. ರಾತ್ರಿ ಫೋನಿನ ಮಾತು ಹೇಳುತ್ತಿದ್ದ ಹಾಗೆ ಒಬ್ಬೊಬ್ಬರೂ ಒಂದು ಕ್ಷಣ ಎಲ್ಲೋ ನೋಡಿದರು. ಎಲ್ಲರ ಮನೆಗೂ ಒಂದಲ್ಲ ಒಂದು ಸಲ ಅಂಥ ಫೋನ್ ಬಂದಿತ್ತು. ಡೇರಿ ಸೆಕ್ರೆಟರಿಯ ಹೆಂಡತಿ ಚಿಕ್ಕತಾಯಮ್ಮ ಸಹಿ ಹಾಕಿ, ಕಣ್ಣೊರೆಸಿಕೊಂಡು, "ನಮ್ಮವ್ವಂಗೆ ಕೊನೆ ಗಳಿಗೇಲಿ ನೀರು ಬುಟ್ಟಿದ್ದು ನಾನೇ ಕಣಕ್ಕ, ಫೋನ್ ಬಂದಿದ್ದಕ್ಕೆ" ಅಂದಳು. ಇಷ್ಟು ವರ್ಷ ಪಕ್ಕದ ಬೀದಿಯಲ್ಲಿದ್ದೇನೆ, ನನಗೆ ಗೊತ್ತಿರಲಿಲ್ಲ.

ಮೂರೂ ಕಾಗದ ಹಿಡಿದು ತಿ. ನರಸೀಪುರದ ಬಸ್ ಹತ್ತಿದೆ. ಅಲ್ಲಿನ ಎಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಲಿನವರಿಗೂ ನಮ್ಮೂರಿಗೂ ನಡುವೆ ಸಿಕ್ಕಿಕೊಂಡವಳು. ಅರ್ಜಿಯನ್ನು ಎರಡು ಸಲ ಓದಿದಳು.

"ಫೋನ್ ಕಟ್ ಮಾಡಿ ಅಂತ ಅರ್ಜಿ ಕೊಡೋರನ್ನ ಇವತ್ತೇ ಮೊದಲು ನೋಡ್ತಿರೋದು ಮೇಡಂ."

"ನಾವೂ ಇದೇ ಮೊದಲು ಕೊಡ್ತಿರೋದಮ್ಮ."

ನಕ್ಕಳು. ಆಮೇಲೆ ಪೆನ್ನು ಕೆಳಗಿಟ್ಟಳು. "ಮೆಮೊ ಫೈಲಿಂದ ತೆಗೆಯೋಕೆ ಬರಲ್ಲ. ಅದರ ಕೆಳಗೆ ನಿಮ್ಮ ಪತ್ರ ಸೇರಿಸ್ತೀನಿ. ಓದೋರು ಎರಡನ್ನೂ ಓದಲಿ. ರಾತ್ರಿ ಟೈಮಿಂಗ್ ಎಲ್ಲಾ ಕಡೆಗೂ ಮಾಡಿರೋ ರೂಲು, ಅದನ್ನ ನಾನು ಬದಲಾಯಿಸಕ್ಕಾಗಲ್ಲ. ಆದ್ರೆ ಗ್ರಾಹಕರ ಕೋರಿಕೆ ಮೇರೆಗೆ ಅಂತ ಬರೆದರೆ ಹಗಲು ಮಾಡಬಹುದು. ಕೋರಿದವರು ಅಂತ ಒಬ್ಬರ ಹೆಸರು, ನಂಬರ್ ಹಾಕಬೇಕು. ಜನ ಬೈದರೆ ಅವರನ್ನೇ ಬೈತಾರೆ. ಯಾರ ಹೆಸರು ಹಾಕಲಿ?"

ಯಾರ ಹೆಸರು ಅಂತ ನೀವು ಆಗಲೇ ಊಹಿಸಿದ್ದೀರಿ.

ಸಂಜೆ ಗುರುಮಲ್ಲಪ್ಪನವರಿಗೆ ಸುದ್ದಿ ಮುಟ್ಟಿಸಿದೆ. ಮೆಮೊ ಫೈಲಿನಲ್ಲೇ ಇರುತ್ತದೆ ಅಂದಾಗ ಅವರ ಮುಖ ಒಂದಿಷ್ಟು ಸಣ್ಣದಾಯಿತು. ಮೂರು ದಶಕದ ಬಿಳಿ ಹಾಳೆಗೆ ಬಿದ್ದ ಮಸಿ ಅದು, ನನ್ನ ಪತ್ರ ಅದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತದೆ ಅಷ್ಟೆ. ಕ್ಷಮಿಸಿ ಅಂದೆ. "ಓಗ್ಲಿ ಬುಡಿ. ಸ್ವಾಮಾರ ಉಳೀತಲ್ಲ" ಅಂದರು. ಅವರು ರಿಟೈರ್ ಆದಮೇಲೂ ಉಳಿಯುತ್ತದೆಯೇ? ಬರುವವರು ಮೀಟರ್ ಹಿಡಿಯುತ್ತಾರೋ, ಗಡಿಯಾರ ಹಿಡಿಯುತ್ತಾರೋ, ನನಗೆ ಗೊತ್ತಿಲ್ಲ. ಆ ಉದ್ದನೆಯ ನೋಟ್‌ಬುಕ್ ಬಿಟ್ಟು ಹೋಗುತ್ತೇನೆ ಅಂದಿದ್ದಾರೆ.

ಒಂದು ಮಾತು. ನಾವು ಸ್ಕೂಟರನ್ನು ಸರ್ವೀಸಿಗೆ ಬಿಡುವುದು ಅದು ದಾರಿಯಲ್ಲಿ ನಿಂತಮೇಲೆ. ಬಿ.ಪಿ. ನೋಡಿಸಿಕೊಳ್ಳುವುದು ತಲೆ ಸುತ್ತಿ ಬಿದ್ದಮೇಲೆ. ಅಣ್ಣತಮ್ಮಂದಿರು ಕೂತು ಮಾತಾಡುವುದು ಕೋರ್ಟ್ ನೋಟಿಸ್ ಬಂದಮೇಲೆ. ಚೆನ್ನಾಗಿ ನಡೆಯುತ್ತಿರುವುದನ್ನು ನಿಲ್ಲಿಸಿ ನೋಡುವುದಕ್ಕೆ ನಮಗೆ ಹೊತ್ತೇ ಸಿಗುವುದಿಲ್ಲ. ಯಾರಾದರೂ ನಿಲ್ಲಿಸಿದರೆ ಅವರ ಮೇಲೆ ಕಂಪ್ಲೇಂಟ್ ಬರೆಯಲು ಮಾತ್ರ ಹೊತ್ತು ಸಿಗುತ್ತದೆ. (ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.)

ಮೊನ್ನೆ ಸೋಮವಾರ ಸರಿಯಾಗಿ ಹನ್ನೊಂದಕ್ಕೆ ನೆಟ್ ಹೋಯಿತು. ನನ್ನ ಅಂಕಣ ಭಾನುವಾರವೇ ಹೋಗಿತ್ತು. (ಸಂಪಾದಕರು ಗಾಬರಿಯಾಗಿ, "ಹುಷಾರಾಗಿದೀರಾ ಮೇಡಂ?" ಅಂತ ಕೇಳಿದರು.) ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ರೇಣುಕಾ, ಬ್ಲೌಸ್ ಹೊಲಿಯುವವಳು, ನೆಟ್ಟಿನಲ್ಲಿ ಡಿಸೈನ್ ನೋಡಿ ಕತ್ತರಿಸುತ್ತಿದ್ದವಳು, ಕತ್ತರಿ ಹಿಡಿದೇ ಕಾಂಪೌಂಡಿನ ಹತ್ತಿರ ಬಂದಳು. ಅರ್ಜಿಗೆ ಸಹಿ ಮಾಡಿಸುವ ಹೊತ್ತಿಗೆ ಅವಳು ಇನ್ನೂ ಬಂದಿರಲಿಲ್ಲ.

"ಆಂಟಿ, ಯಾರೋ ಬೇಕೂಂತ್ಲೇ ನೆಟ್ ತೆಗೆಸಿದಾರಂತೆ! ಅರ್ಧ ಕತ್ತರಿಸಿದೀನಿ, ಕುತ್ತಿಗೆ ಷೇಪ್ ಮರೆತೋಯ್ತು. ಅವರ ಮೇಲೆ ಕಂಪ್ಲೇಂಟ್ ಎಲ್ಲಿ ಬರೀಬೇಕು?"

ಬರೆಯಲು ನಾನೇ ಕಲಿಸಿಕೊಡಬಲ್ಲೆ, ಆ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಅವಳನ್ನು ಕೇಳಿದೆ:

"ಅದಿರಲಿ ರೇಣುಕಾ, ನಿಮ್ಮ ಮನೆಗೆ ಯಾವತ್ತಾದರೂ ರಾತ್ರಿ ಮೂರು ಗಂಟೆಗೆ ಫೋನ್ ಬಂದಿದೆಯಾ?"